ಚಂಪವ್ವ ಹೆದರಿದಷ್ಟು ನೀರು

ನಮ್ಮೂರಲ್ಲಿ ಎತ್ತು ಕಳೆದರೆ ಯಾರೂ ಹುಡುಕಲು ಹೋಗುತ್ತಿರಲಿಲ್ಲ. ಫಕೀರಪ್ಪನನ್ನು ಕರೆತಂದು ಊರ ಮುಂದಿನ ಕಲ್ಲಿನ ಮೇಲೆ ಕೂರಿಸುತ್ತಿದ್ದರು. ಫಕೀರಪ್ಪನಿಗೆ ಎತ್ತೆಂದರೆ ಜೀವ ಬಾಯಿಗೆ ಬರುತ್ತಿತ್ತು. ಹೆಗಲಿಗೊಂದು ಕಂಬಳಿ ಹೊದಿಸಿ, ಬಾಯಿಗೊಂದು ಬೀಡಿ ಇಟ್ಟು ಕೂರಿಸಿದರೆ ಬೀಡಿ ಮುಗಿಯುವುದರೊಳಗೆ ಎತ್ತು ಯಾವ ಹಳ್ಳದಲ್ಲಿದ್ದರೂ ಬಂದು ಅವನ ಮುಖಕ್ಕೆ ಮೂತಿ ಕೊಟ್ಟು ನಿಲ್ಲುತ್ತಿತ್ತು. ಅವನು ಚೀರುತ್ತಿದ್ದ, ಎತ್ತಿನ ಒಡೆಯ ಹಗ್ಗ ಹಾಕುತ್ತಿದ್ದ. ಆ ಚೀರಾಟ ಕೇಳಿದರೆ ಒಳಗಿದ್ದ ಹೆಂಗಸರು, "ಯಾರದೋ ಎತ್ತು ಸಿಕ್ತು ನೋಡು" ಎಂದು ರೊಟ್ಟಿ ಮಗುಚಿ ಹಾಕುತ್ತಿದ್ದರು.

ಯಾರು ಯಾವುದಕ್ಕೆ ಹೆದರುತ್ತಾರೋ ಅದು ಅವರನ್ನು ಹುಡುಕಿಕೊಂಡು ಬರುವುದು ನಮ್ಮೂರಿನ ರೂಢಿ. ಬೇರೆ ಊರುಗಳಲ್ಲಿ ಹೇಗೋ ನನಗೆ ತಿಳಿಯದು, ನಾನು ಹೆಚ್ಚು ಊರು ಕಂಡವನಲ್ಲ. ಊರ ಹಿರಿಯ ಅಂದಾನಪ್ಪನವರಿಗೆ ಬೀಗರೆಂದರೆ ಭಯ. ಹಾಗಾಗಿ ಅವರ ಪಡಸಾಲೆಯಲ್ಲಿ ಬೀಗರು, ಬೀಗರ ಬೀಗರು, ಬೀಗರ ಊರಿನಿಂದ ಸುಮ್ಮನೆ ಬಂದವರು ಎಂದು ಯಾವಾಗಲೂ ಹನ್ನೆರಡು ಎಲೆ ಬೀಳುತ್ತಿತ್ತು. ಅಂದಾನಪ್ಪನವರು ಕಣಜದ ಹಿಂದೆ ಅಡಗಿ ಕೂರುತ್ತಿದ್ದರು. ಸುತ್ತಲಿನ ಊರಿನವರು ಅವರನ್ನು ದೊಡ್ಡ ಅನ್ನದಾನಿ ಎಂದು ಕೊಂಡಾಡುತ್ತಿದ್ದರು. ಗರಡಿಮನೆಯ ಒಬ್ಬ ಪೈಲ್ವಾನ ತನಗೆ ಯಾವುದರ ಭಯವೂ ಇಲ್ಲವೆಂದು ತೊಡೆ ತಟ್ಟುತ್ತಿದ್ದ. ನಿಜವೇ ಇರಬೇಕು. ಅವನ ಬಳಿಗೆ ಏನೂ ಬರಲಿಲ್ಲ. ಹೆಣ್ಣು ಕೊಡುವವರೂ ಬರಲಿಲ್ಲ.

ನಾನು ಕಲಾಯಿ ಹಾಕುವವನು. ಹೆಸರು ಹುಚ್ಚೀರಪ್ಪ. ಎರಡನೇ ಇಯತ್ತೆ ಮುಗಿಸುವುದರೊಳಗೆ ಅಪ್ಪ ಬರೆಯುವ ಪಾಟಿ ಕಿತ್ತುಕೊಂಡು ಕೈಗೆ ಕೆಂಡ ಊದುವ ತಿದಿ ಕೊಟ್ಟ. ತಾಮ್ರ ಹಿತ್ತಾಳೆ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಬೇಕು, ನವಸಾರದ ಪುಡಿ ಉದುರಿಸಬೇಕು, ತವರ ಮುಟ್ಟಿಸಿ ಅರಳೆಯಿಂದ ಒಳಗೆಲ್ಲ ಒರೆಸಬೇಕು, ಆಮೇಲೆ ಇಕ್ಕಳದಲ್ಲಿ ಹಿಡಿದು ನೀರಿನ ಬಾನಿಯಲ್ಲಿ ಅದ್ದಬೇಕು. ಪಾತ್ರೆ ಚುರ್ರ್ ಎನ್ನುತ್ತದೆ, ಬೆಳ್ಳಗಾಗುತ್ತದೆ. ನನ್ನ ವಿದ್ಯೆ ಇಷ್ಟೇ. ಆದರೆ ಈ ಊರು ಹದಿನೆಂಟು ವರ್ಷ ಹೊಟ್ಟೆ ತುಂಬ ನೀರು ಕುಡಿದದ್ದು ಈ ವಿದ್ಯೆಯಿಂದಲೇ ಎಂದರೆ ನೀವು ನಗುತ್ತೀರಿ.

ನಮ್ಮೂರಿಗೆ ಇದ್ದದ್ದು ಒಂದೇ ಬಾವಿ. ಇಳಿದು ಹೋಗುವ ಬಾವಿ, ಇಪ್ಪತ್ತೊಂದು ಮೆಟ್ಟಿಲು. ನನಗೆ ಮೀಸೆ ಬಂದಾಗಿನಿಂದ ಅದರಲ್ಲಿ ನೀರು ಕಂಡದ್ದು ಕಡಿಮೆ. ತಳದ ಮೆಟ್ಟಿಲ ಮೇಲೆ ಹುಡುಗರು ಗೋಲಿ ಆಡುತ್ತಿದ್ದರು. ಹೆಂಗಸರು ಊರಾಚೆಯ ಹಳ್ಳಕ್ಕೆ ಹೋಗಿ, ಸೊಂಟದ ಮೇಲೊಂದು ತಲೆಯ ಮೇಲೊಂದು ಕೊಡ ಹೊತ್ತು ತರುತ್ತಿದ್ದರು. ಹೀಗಿರುವಾಗ ಸಂಗವ್ವನ ಕಿರಿಮಗಳು ಚಂಪವ್ವ, ಆಗ ನಾಲ್ಕು ವರ್ಷದ ಕೂಸು, ಎಮ್ಮೆಗೆ ನೀರಿಡುವ ಕಲ್ಲುದೋಣಿಯಲ್ಲಿ ತಲೆಕೆಳಗಾಗಿ ಬಿದ್ದಳು. ಸಂಗವ್ವ ಜುಟ್ಟು ಹಿಡಿದು ಎತ್ತಿದಳು. ಅಂದಿನಿಂದ ಆ ಕೂಸಿಗೆ ನೀರು ಕಂಡರೆ ಸೆಟೆದುಕೊಳ್ಳುವಷ್ಟು ಭಯ. ತಾಯಿ ಒಂದು ದಿನ ಅವಳನ್ನು ಎತ್ತಿಕೊಂಡು ಬಾವಿಕಟ್ಟೆಯ ಮೇಲೆ ಸುಧಾರಿಸಿಕೊಳ್ಳಲು ಕೂತಳಂತೆ. ಕೆಳಗಿನಿಂದ ಗೋಲಿ ಆಡುತ್ತಿದ್ದ ಹುಡುಗರು ಒದ್ದೆ ಚಡ್ಡಿಯಲ್ಲಿ ಓಡಿ ಬಂದರು.

ಹಿರಿಯರು ಸೇರಿದರು. ಸಂಗವ್ವನಿಗೆ ಬಾವಿಯ ಪಕ್ಕದಲ್ಲೇ ಒಂದು ಮನೆ ಕೊಟ್ಟರು. ಸೂರು ಬೇಸಿಗೆಯಲ್ಲೂ ತೊಟ್ಟಿಕ್ಕುತ್ತಿತ್ತು, ಅದೊಂದು ಬಿಟ್ಟರೆ ಒಳ್ಳೆಯ ಮನೆ. ಬಾವಿ ಮೇಲಿನ ಮೂರನೇ ಮೆಟ್ಟಿಲ ತನಕ ತುಂಬಿತು.

ತೊಂದರೆ ಎಂದರೆ ಮಕ್ಕಳ ಹೆದರಿಕೆ ಪಾತ್ರೆಯ ಕಲಾಯಿ ಇದ್ದ ಹಾಗೆ. ದಿನಾ ಬಳಸಿದರೆ ಸವೆಯುತ್ತದೆ. ವರ್ಷ ತುಂಬುವುದರೊಳಗೆ ಚಂಪವ್ವ ಬಚ್ಚಲ ಮೋರಿಯಲ್ಲಿ ಕಡ್ಡಿ ಆಡಿಸುತ್ತ ಕೂತಳು. ಬಾವಿ ಐದು ಮೆಟ್ಟಿಲು ಇಳಿಯಿತು. ಅಂದಾನಪ್ಪನವರು ಕಣಜದ ಹಿಂದಿನಿಂದ ಎದ್ದು ನನ್ನ ಬಳಿ ಬಂದರು.

"ಹುಚ್ಚೀರಪ್ಪ, ನಿನ್ನ ಮಾರಿ ಇದ್ದಲಿಯಂಗ ಐತಿ, ಕಣ್ಣು ಕೆಂಡದಂಗ ಅದಾವು. ನೀ ಕತಿನೂ ಹೇಳ್ತಿ. ಆ ಕೂಸಿಗೆ ನೀರಿನ ಕತಿ ಹೇಳು."

"ಎಂಥಾ ಕತಿರಿ?"

"ಕೂಸು ನೀರು ಮುಟ್ಟಬಾರದು, ಅಂಥಾದ್ದು. ಕಾರಣ ಮಾತ್ರ ತಿಳಿಬಾರದು. ತಿಳಿದ್ರ ಹೆದರಿಕಿ ನಿಲ್ಲಂಗಿಲ್ಲ."

"ಅವರವ್ವ ಏನಂತಾಳ?"

"ಹತ್ತು ವರ್ಸ ಹಳ್ಳದಿಂದ ನೀರು ಹೊತ್ತಾಕಿ. ಏನಂತಾಳ?"

ಬಾವಿಯ ಪಕ್ಕದ ಬೇವಿನ ಮರದಡಿ ನನಗೆ ಜಾಗ ಕೊಟ್ಟರು. ಊರಿನ ಪಾತ್ರೆಗಳ ಕಲಾಯಿಯೆಲ್ಲ ನನ್ನೊಬ್ಬನಿಗೇ ಎಂದು ಗೊತ್ತುಮಾಡಿದರು. ಸೋಮವಾರಕ್ಕೊಮ್ಮೆ ಸಂಗವ್ವ ಮಗಳ ಕೈಯಲ್ಲಿ ಒಂದು ಪಾತ್ರೆ ಕೊಟ್ಟು ಕಳಿಸುತ್ತಿದ್ದಳು. ಅವಳು ಎದುರಿಗೆ ಕುಕ್ಕರುಗಾಲಲ್ಲಿ ಕೂರುವಳು, ನಾನು ತಿದಿ ಒತ್ತುತ್ತ ಹೇಳುವೆನು.

ಮೊದಲು ನನಗೆ ಕೈ ಕುದುರಲಿಲ್ಲ. ಮೊಸಳೆಯ ಕಥೆ ಹೇಳಿದೆ. ಬಾಯಿ ಮೂರು ಮೊಳ, ಹಲ್ಲು ಮುನ್ನೂರು ಎಂದೆ. "ಅಷ್ಟು ಹಲ್ಲು ತಿಕ್ಕಾವ್ರು ಯಾರಜ್ಜಾ?" ಎಂದಳು. ಆಗ ನಾನಿನ್ನೂ ಅಜ್ಜನಾಗಿರಲಿಲ್ಲ, ಆದರೆ ಹೊಗೆಗೆ ಕೂದಲು ಬೆಳ್ಳಗಾಗಿತ್ತು. ಬಾವಿಯ ನೀರು ಒಂದು ಬೆರಳೂ ಏರಲಿಲ್ಲ. ಎರಡನೇ ಸೋಮವಾರ ಏನೂ ತೋಚದೆ, "ನೀರಿನ ತಳದಾಗ ಒಂದು ಎಮ್ಮಿ ಐತಿ. ಅದಕ್ಕ ಮಾರಿನ ಇಲ್ಲ" ಎಂದೆ. ಮುಂದೆ ಹೊಳೆಯಲಿಲ್ಲ, ಸುಮ್ಮನೆ ತಿದಿ ಒತ್ತಿದೆ.

"ಮಾರಿ ಎಲ್ಲಿ ಹೋತು?"

ನನಗೇ ಗೊತ್ತಿರಲಿಲ್ಲ. ತಿದಿ ಒತ್ತಿದೆ.

"ಈಗ ಯಾರ ಮಾರಿ ತಗೋತೈತಿ ಅಜ್ಜಾ?"

ನಾನು ಕಾದ ಪಾತ್ರೆಯನ್ನು ಬಾನಿಯಲ್ಲಿ ಅದ್ದಿದೆ. ಚುರ್ರ್ ಎಂದಿತು. ಕೂಸು ಪಾತ್ರೆ ಬಿಟ್ಟು ಮನೆಗೆ ಓಡಿತು. ನನ್ನ ಬೆನ್ನ ಹಿಂದೆ ಬಾವಿ ಎರಡು ಮೆಟ್ಟಿಲು ನುಂಗಿತು.

ಅಂದು ಕಲಿತೆ. ಪೂರ್ತಿ ಹೇಳಿದ ಕಥೆಗೆ ಯಾರೂ ಹೆದರುವುದಿಲ್ಲ. ಅರ್ಧ ಹೇಳಿ ತಿದಿ ಒತ್ತಬೇಕು. ಉಳಿದರ್ಧವನ್ನು ಕೇಳುವವರೇ ಮನೆಗೆ ಒಯ್ದು, ಹೊದಿಕೆಯೊಳಗೆ ಇಟ್ಟುಕೊಂಡು ಸಾಕುತ್ತಾರೆ. ಹೆದರಿಕೆಗೆ ಆಳವಾದ ಬೇರು ಎಂದು ತಿಳಿದವರು ಹೇಳುವುದನ್ನು ಕೇಳಿದ್ದೇನೆ. ನಾನು ಬೇರನ್ನು ಕಂಡವನಲ್ಲ. ವಾರಕ್ಕೊಮ್ಮೆ ನೀರು ಹಾಕಿದ ಕೈಯನ್ನು ಮಾತ್ರ ಕಂಡಿದ್ದೇನೆ, ಅದು ಇದೇ ಕೈ.

ಎಮ್ಮೆಯ ಕಥೆಯ ಬೆನ್ನಿಗೆ ಜಡೆ ಬಿಚ್ಚಿದ ಮುದುಕಿಯ ಕಥೆ ಬಂತು. ಅವಳು ನೀರಿನೊಳಗೆ ಕೂತು ಮೇಲಿನವರ ಹೆಸರು ಎಣಿಸುತ್ತಾಳೆ. ಆಮೇಲೆ ಬೆರಳುಗಳು ಬಂದವು, ಬರೀ ಬೆರಳು, ಕೊಡದ ಕಂಠ ಹಿಡಿಯುವವು. ಚಂಪವ್ವ ದೊಡ್ಡವಳಾದಳು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದೇ ಅವಳ ಸ್ನಾನ. ಕುಡಿಯುವುದು ಗಿಂಡಿಯಿಂದ, ಕಣ್ಣು ಮುಚ್ಚಿ. ಊರು ಎರಡು ಹೊತ್ತು ಮಿಂದು ಹೊಳೆಯುತ್ತಿತ್ತು. ಅಂದಾನಪ್ಪನವರ ಬೀಗರಂತೂ ಬಿಸಿನೀರು ಕೇಳುತ್ತಿದ್ದರು.

ಅವಳ ಅಕ್ಕ ಈರವ್ವನನ್ನು ಹಳ್ಳದಾಚೆಯ ಊರಿಗೆ ಕೊಟ್ಟಿದ್ದರು. ಹಳ್ಳವೆಂದರೆ ಮೊಣಕಾಲುದ್ದ ನೀರು, ಕೋಳಿಯೂ ದಾಟುತ್ತದೆ. ಎಂಟು ವರ್ಷದಲ್ಲಿ ಈರವ್ವನ ಎರಡು ಮಕ್ಕಳು ಹೊಟ್ಟೆಯಲ್ಲೇ ತೀರಿಕೊಂಡವು. ಸಂಗವ್ವನೂ ತೀರಿಕೊಂಡಿದ್ದಳು. ಮೂರನೆಯದು ನಿಂತಾಗ ಈರವ್ವ ಹೇಳಿ ಕಳಿಸಿದಳು: ಈ ಸಲ ನೀ ಬಾ, ನನಗ ಮತ್ತ ಯಾರದಾರ? ಚಂಪವ್ವ ಗಂಟು ಕಟ್ಟಿಕೊಂಡು ಹೋದಳು. ಅವಳು ದಂಡೆಗೆ ಬರುವುದನ್ನೇ ಕಾಯುತ್ತಿದ್ದ ಹಾಗೆ ಹಳ್ಳ ಏರಿತು. ಮೊಣಕಾಲಿಗೆ ಇದ್ದದ್ದು ಸೊಂಟಕ್ಕೆ, ಸೊಂಟದಿಂದ ಎದೆಗೆ. ಅವಳು ಹಿಂದಕ್ಕೆ ಹೆಜ್ಜೆ ಇಟ್ಟಂತೆ ಇಳಿಯಿತು. ಮೂರು ದಿನ ಹೋದಳು, ಮೂರು ದಿನವೂ ಇದೇ ಆಟ. "ನಾವು ಹೇಳಲಿಲ್ಲೇನು, ನೀರು ಕೆಟ್ಟದ್ದು" ಎಂದು ಊರ ಹೆಂಗಸರು ತಲೆಗೂದಲಿನ ನೀರು ಹಿಂಡುತ್ತ ಹೇಳಿದರು.

ಆ ಸೋಮವಾರ ಅವಳು ತಂದ ಪಾತ್ರೆ ಹೊಸ ಕಲಾಯಿಯದು, ಹೋದ ವಾರವಷ್ಟೇ ಹಾಕಿದ್ದೆ. ಆಗ ಅವಳಿಗೆ ಇಪ್ಪತ್ತಮೂರು.

"ಅಜ್ಜಾ, ನಿನಗ ಎಲ್ಲಾ ನೀರಿನ ಕತಿ ಗೊತ್ತದಾವು. ನೀರು ಏನೂ ಮಾಡದಿರೋ ಕತಿ ಒಂದರ ಇಲ್ಲೇನು?"

ತಿದಿ ನನ್ನ ಕೈಯಲ್ಲಿ ಹಾಗೇ ನಿಂತಿತು. ಇಷ್ಟು ವರ್ಷ ಕೂತು ಹೆದರಿದವಳು ಒಂದು ದಿನವೂ ನನ್ನನ್ನು ಏನೂ ಬೇಡಿರಲಿಲ್ಲ.

"ಒಂದೂರಾಗ ಒಂದು ಕೆರಿ ಇತ್ತವ್ವಾ" ಎಂದೆ.

"ಆಮ್ಯಾಲೆ?"

"ಸುಮ್ನ ಇತ್ತು."

"ಆಮ್ಯಾಲೆ?"

"ಒಂದು ಕ್ವಾಣ ಬಂತು. ಕುಡೀತು. ಹೋತು."

ಅವಳು ನಕ್ಕಳು. ಅವಳಿಗೆ ಮುಂದಿನ ಹಲ್ಲೊಂದು ಓರೆ ಎಂದು ನನಗೆ ಅಂದೇ ಗೊತ್ತಾದದ್ದು. ಬಾವಿಯಲ್ಲಿ ನಾಲ್ಕನೇ ಮೆಟ್ಟಿಲು ಕಾಣಿಸಿತು.

ಮುಂದಿನ ಸೋಮವಾರ ಸುಮ್ಮನಿದ್ದ ಹೊಳೆಯ ಕಥೆ ಹೇಳಿದೆ. ಅದರ ಮುಂದಿನ ಸೋಮವಾರ, ಒಬ್ಬ ಮುದುಕಿ ಬಚ್ಚಲಲ್ಲಿ ಬಿದ್ದು, ನೀರೇ ಅವಳನ್ನು ಪಾಪ ಎಂದು ಎಬ್ಬಿಸಿದ ಕಥೆ. ಒಂಬತ್ತು ಮೆಟ್ಟಿಲು ಕಂಡವು. ಊರು ಗುಜುಗುಜು ಎಂದಿತು. ಅಂದಾನಪ್ಪನವರು ಬಾವಿಕಟ್ಟೆಯ ಮೇಲೆ ನಿಂತು ಕೈ ಎತ್ತಿದರು. ಅವರ ಹಿಂದೆ ನಾಲ್ವರು ಬೀಗರೂ ನಿಂತಿದ್ದರು.

"ಬಾವಿ ಬತ್ತತೈತಿ ಅಂತ ಯಾರೂ ಹೆದರಬ್ಯಾಡ್ರಿ. ಹೆದರಿದ್ರ ಬತ್ತತೈತಿ."

ಇದಾದ ಮೇಲೆ ಊರವರು ಬಾವಿಯ ಹತ್ತಿರ ಬಂದಾಗ ಶಿಳ್ಳೆ ಹಾಕುತ್ತ, ಆಕಾಶ ನೋಡುತ್ತ ಓಡಾಡತೊಡಗಿದರು. ಒಬ್ಬರನ್ನೊಬ್ಬರು, "ಏನ್ ನೀರಪಾ, ಭಾಳಾತು" ಎಂದು ಮಾತಾಡಿಸಿದರು. ಮರುದಿನ ಹದಿನಾಲ್ಕು ಮೆಟ್ಟಿಲು ಕಂಡವು. ಅಂದಾನಪ್ಪನವರು ನನ್ನ ಕಿವಿಯ ಬಳಿ ಬಗ್ಗಿದರು.

"ಎಮ್ಮಿ ಕತಿ ಶುರುಮಾಡ್ತೀಯೋ, ಬ್ಯಾರೆ ಕಲಾಯಿಯವನ್ನ ಕರಸಲ್ಯೋ?"

"ಆ ಹುಡುಗಿ ಅಕ್ಕನ ನೋಡಬೇಕ್ರಿ."

"ನೋಡ್ಲಿ ಬಿಡು. ಈರವ್ವನ ಇಲ್ಲಿಗೆ ಕರ್ಕೊಂಡು ಬಾ ಅನ್ನು. ನಮ್ಮ ಮನ್ಯಾಗ ಇರ್ಲಿ, ಹೆಂಗೂ ಹದಿನಾರು ಮಂದಿ ಅದಾರ."

"ತುಂಬಿದ ಬಸರಿರಿ. ಗಾಡ್ಯಾಗ ಕುಂದ್ರಂಗಿಲ್ಲ."

"ಹಂಗಾರ ಎಮ್ಮಿ ಕತಿ ಹೇಳು" ಎಂದು ಅವರು ಹೋದರು.

ನನಗೂ ಒಂದು ಹೆದರಿಕೆ ಇತ್ತು. ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ. ಒಂದಲ್ಲ ಒಂದು ದಿನ ಚಂಪವ್ವ ಎದುರಿಗೆ ಬಂದು, ಯಾಕಜ್ಜಾ ಹಿಂಗ ಮಾಡಿದಿ ಎಂದು ಕೇಳಿಬಿಡುತ್ತಾಳೆ ಎಂಬ ಹೆದರಿಕೆ. ಈ ಊರಲ್ಲಿ ಹುಟ್ಟಿದವನಿಗೆ ಅಷ್ಟು ಬುದ್ಧಿ ಇರಬೇಕಿತ್ತು. ಸೋಮವಾರವಲ್ಲ, ಬುಧವಾರ ಬಂದಳು. ಕೈಯಲ್ಲಿ ಪಾತ್ರೆ ಇರಲಿಲ್ಲ.

"ಫಕೀರಪ್ಪಣ್ಣ ಹೇಳಿದ" ಎಂದಳು. "ಊರು ನನ್ನ ಎತ್ತಿಗೆ ಕುಂದರಸತೈತಿ, ನಿನ್ನ ನೀರಿಗೆ ಕುಂದರಸೈತಿ. ನನಗರ ಬೀಡಿ ಕೊಡ್ತಾರ, ನಿನಗೇನು ಕೊಟ್ರು ತಂಗಿ, ಅಂತ ಕೇಳಿದ."

ನೀರು ತನ್ನ ಬೆನ್ನು ಹತ್ತಿದೆ ಎಂಬುದು ಅವಳಿಗೆ ಮೊದಲಿನಿಂದ ಗೊತ್ತಿತ್ತು. ಅದು ತನ್ನ ಹಣೆಬರಹ ಎಂದುಕೊಂಡಿದ್ದಳು. ಬರೆದವನು ಬೇವಿನ ಮರದಡಿ ಕೂತಿದ್ದಾನೆ ಎಂಬುದು ಗೊತ್ತಿರಲಿಲ್ಲ.

"ಎಮ್ಮಿ?" ಎಂದಳು.

"ನಾ ಕಟ್ಟಿದ್ದವ್ವ."

"ಜಡಿ ಬಿಚ್ಚಿದ ಮುದುಕಿ?"

"ನಮ್ಮತ್ತಿ. ಆಕಿ ಹಂಗ ಇದ್ಳು."

"ಬೆರಳು?"

ನಾನು ನನ್ನ ಕೈ ಎತ್ತಿ ತೋರಿಸಿದೆ. ಕಲಾಯಿಯವನ ಬೆರಳು, ನವಸಾರ ತಿಂದು ತುದಿ ಕರ್ರಗಾಗಿವೆ.

"ನಮ್ಮವ್ವಗ ಗೊತ್ತಿತ್ತೇನು?"

ಇದಕ್ಕೆ ಒಂದು ಸುಳ್ಳು ಹೇಳಬಹುದಿತ್ತು. ಹದಿನೆಂಟು ವರ್ಷ ಹೇಳಿದವನಿಗೆ ಇನ್ನೊಂದು ಭಾರವಾಗುತ್ತಿರಲಿಲ್ಲ. "ಗೊತ್ತಿತ್ತು" ಎಂದೆ. "ಆಕಿ ಸೊಂಟದಾಗ ಕೊಡದ ಗಾಯ ಇತ್ತವ್ವ, ಮಾಯ್ದಿರಲಿಲ್ಲ."

ಚಂಪವ್ವ ಅಳಲಿಲ್ಲ. ಬೈಯಲೂ ಇಲ್ಲ. ಬಾವಿಯ ಕಡೆ ತಿರುಗಿದಳು.

"ಈಗ ಎಷ್ಟು ಮೆಟ್ಲು ಕಾಣತಾವು ಅಜ್ಜಾ?"

"ಹದಿನೈದೋ ಹದಿನಾರೋ ಇರಬೇಕು."

"ಸರೀ ಎಣಿಸು, ಬಾ."

ನಾನು ಎದ್ದು ಅವಳ ಹಿಂದೆ ಮೆಟ್ಟಿಲು ಇಳಿದೆ. ನೀರಿನ ಅಂಚಿಗೆ ಬಂದು ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಹಿರಿಯರಿಗೆ ಬಿಡುವ ಹಾಗೆ. ನಾನು ಬಗ್ಗಿ ಎಣಿಸಿದೆ. ಹದಿನಾರು ಎನ್ನುವುದಕ್ಕೆ ಬಾಯಿ ತೆರೆದೆ. ಬೆನ್ನಿಗೆ ಒಂದು ಅಂಗೈ ಬಂತು. ಜೋರಾಗಿಯೇನೂ ಅಲ್ಲ, ಕರುವನ್ನು ಕೊಟ್ಟಿಗೆಗೆ ದೂಡುವಷ್ಟು.

ನಾನು ಬೆಂಕಿಯ ಮುಂದೆ ಬದುಕು ಕಳೆದವನು. ಈಜು ಬಾರದು. ನೀರು ಮೂಗಿಗೆ ಹೊಕ್ಕಿತು, ಕಿವಿಗೆ ಹೊಕ್ಕಿತು. ಕಣ್ಣು ಬಿಟ್ಟರೆ ಹಸಿರು ಕತ್ತಲು, ಅದರ ತಳದಲ್ಲಿ ಅದು ನಿಂತಿತ್ತು. ನನ್ನ ಎಮ್ಮೆ. ನಾನೇ ಕಟ್ಟಿದ್ದು, ಕೊಂಬು ಎಷ್ಟು ಬಾಗಿರಬೇಕೆಂದು ನಾನೇ ಇಟ್ಟದ್ದು. ಅದು ಸಾವಕಾಶವಾಗಿ ನನ್ನ ಕಡೆ ತಿರುಗಿತು. ಮುಖ ಇರಬೇಕಾದ ಕಡೆ ಏನೂ ಇರಲಿಲ್ಲ. ಅದರ ಪಕ್ಕದಲ್ಲಿ ನಮ್ಮತ್ತೆ ಕೂತು ನನ್ನ ಹೆಸರು ಎಣಿಸುತ್ತಿದ್ದಳು. ಇವೆಲ್ಲ ಸುಳ್ಳು ಕಣೋ ಹುಚ್ಚೀರಪ್ಪ, ನೀನೇ ಹೇಳಿದ್ದು, ಎಂದು ನನಗೆ ನಾನೇ ಕೂಗಿಕೊಂಡೆ. ಬಾಯಿ ತುಂಬ ನೀರು ಬಂತು. ಎಪ್ಪತ್ತೆರಡು ವರ್ಷದಲ್ಲಿ ಹೆದರದಷ್ಟು ಹೆದರಿದೆ.

ಆಗ ಬಾವಿ ಏರಿತು. ನಾಯಿ ಒಡೆಯನ ಮೇಲೆ ಹಾರುವ ಹಾಗೆ ನೀರು ನನ್ನನ್ನು ಅಪ್ಪಿಕೊಂಡೇ ಮೇಲೆ ಬಂತು. ಒಂದೊಂದೇ ಮೆಟ್ಟಿಲು ಮುಳುಗಿದ್ದು ಬೆನ್ನಿಗೆ ಗೊತ್ತಾಗುತ್ತಿತ್ತು. ಯಾರೋ ನನ್ನ ಜುಟ್ಟು ಹಿಡಿದು ಎಳೆದರು. ಕಟ್ಟೆಯ ಮೇಲೆ ಬಿದ್ದು ಕೆಮ್ಮಿ ಕಣ್ಣು ಬಿಟ್ಟರೆ, ಚಂಪವ್ವ ಎದೆಯುದ್ದದ ನೀರಿನಲ್ಲಿ ನಿಂತಿದ್ದಳು. ಸೀರೆ ಸುತ್ತಲೂ ತೇಲುತ್ತಿತ್ತು.

"ನೀ ನೀರಾಗ ಅದೀ" ಎಂದೆ.

ಅವಳು ಬಗ್ಗಿ ನೋಡಿಕೊಂಡಳು. "ಹೌದಲ್ಲ" ಎಂದಳು. "ಸಿಟ್ಟಿನಾಗ ಹೆದರಾಕ ಪುರುಸೊತ್ತ ಆಗ್ಲಿಲ್ಲ."

ಮರುದಿನ ಅವಳು ಗಂಟು ತಲೆಯ ಮೇಲಿಟ್ಟು ಹಳ್ಳಕ್ಕೆ ಹೋದಳು. ನೋಡಲು ಊರು ದಂಡೆಯ ಮೇಲೆ ನೆರೆದಿತ್ತು. ಹಳ್ಳ ಮೊಣಕಾಲಿಗೆ ಇತ್ತು, ಮೊಣಕಾಲಿಗೇ ಉಳಿಯಿತು. ನಡುವೆ ನಿಂತು ಅವಳು ಬೇಕೆಂದೇ ಮುಖ ತೊಳೆದುಕೊಂಡಳಂತೆ. ನಾನು ನೋಡಲಿಲ್ಲ, ದಂಡೆಗೆ ಹೋಗುವ ಸ್ಥಿತಿಯಲ್ಲಿ ಇರಲಿಲ್ಲ. ಈರವ್ವನಿಗೆ ಗಂಡು ಕೂಸು ಹುಟ್ಟಿತು, ಬದುಕಿತು. ಚಂಪವ್ವನೇ ಅದಕ್ಕೆ ಎರಡು ಹೊತ್ತು ನೀರು ಹಾಕಿದಳು ಎಂದು ಸುದ್ದಿ ಬಂತು.

ಬಾವಿಯ ಮಾತು ಹೇಳುವುದಾದರೆ, ಒಂದು ಮೆಟ್ಟಿಲೂ ಕಾಣದ ಹಾಗೆ ತುಂಬಿದೆ. ಅಂದಾನಪ್ಪನವರು ಬಂದು ನನ್ನನ್ನು ಸುತ್ತುಹಾಕಿ ನೋಡಿದರು, ಕೊಳ್ಳುವ ಎತ್ತನ್ನು ನೋಡುವ ಹಾಗೆ. ಆಮೇಲೆ ಕಟ್ಟೆ ಹತ್ತಿ ಊರಿಗೆ ಹೇಳಿದರು, "ಹುಚ್ಚೀರಪ್ಪಗ ಯಾರೂ ಧೈರ್ಯ ಹೇಳಾಕ ಹೋಗಬ್ಯಾಡ್ರಿ." ನಾನೇನೂ ಸುಮ್ಮನಿರಲಿಲ್ಲ. ತಿದಿ ಇಕ್ಕಳ ಗಂಟು ಕಟ್ಟಿ ಊರು ಬಿಡಲು ಹೊರಟೆ. ಊರು ಬಿಡುವ ದಾರಿಗಳೆಲ್ಲ ಹಳ್ಳ ದಾಟುತ್ತವೆ. ಹಳ್ಳ ನನ್ನನ್ನು ಕಂಡು ಎದೆಮಟ್ಟ ಎದ್ದು ನಿಂತಿತು. ತಿರುಗಿ ಬರುವಾಗ ಕಲ್ಲಿನ ಮೇಲೆ ಕೂತಿದ್ದ ಫಕೀರಪ್ಪ ಸರಿದು ಜಾಗ ಕೊಟ್ಟು, ತನ್ನ ಬೀಡಿಯಲ್ಲಿ ಅರ್ಧ ಮುರಿದು ಕೊಟ್ಟ. ಇಬ್ಬರೂ ಸೇದಿದೆವು. ಯಾರದೋ ಎತ್ತು ಬಂತು.

ಮೂರು ತಿಂಗಳಾದ ಮೇಲೆ ಚಂಪವ್ವ ಬಂದಳು. ಅಕ್ಕನ ಮನೆಯಿಂದ ಬೆಣ್ಣೆ ತಂದಿದ್ದಳು, ನನಗೂ ಒಂದು ಮುದ್ದೆ ಕೊಟ್ಟಳು. ಮೈ ಕೈ ತುಂಬಿಕೊಂಡಿದ್ದಳು, ತಲೆಗೂದಲು ಒದ್ದೆಯಿತ್ತು. ಈಗ ಸೋಮವಾರ ಸೋಮವಾರ ಒಂದು ಪಾತ್ರೆ ಹಿಡಿದು ಬರುತ್ತಾಳೆ. ಇಕ್ಕಳ ತಾನೇ ಹಿಡಿಯುತ್ತಾಳೆ, ನನಗೆ ಬಾನಿಯ ಹತ್ತಿರ ಹೋಗಲು ಆಗುವುದಿಲ್ಲವಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದು, ಗಿಂಡಿಯಲ್ಲಿ ಕಣ್ಣು ಮುಚ್ಚಿ ಕುಡಿಯುವುದು, ಎಲ್ಲ ಅವಳೇ ಕಲಿಸಿಕೊಟ್ಟಳು. ಗಿಂಡಿಯೂ ಅವಳದೇ.

"ಎಮ್ಮಿ ಎಲ್ಲಿಗೆ ಬಂದಿತ್ತಜ್ಜಾ?" ಎಂದು ಶುರು ಮಾಡುತ್ತಾಳೆ.

"ಬ್ಯಾಡವ್ವ. ಅದು ಸುಳ್ಳು. ನಾನ ಕಟ್ಟಿದ್ದು."

"ಕಟ್ಟಿದ್ದು ನೀನ. ಸಾಕಿದ್ದು ನಾನ. ಹದಿನೆಂಟು ವರ್ಸ ನನ್ನ ಮನ್ಯಾಗಿತ್ತು, ಅದು ಏನೇನು ಮಾಡತೈತಿ ಅಂತ ನಿನಗೇನು ಗೊತ್ತು? ಮೊನ್ನೆ ಅದಕ್ಕ ಒಂದು ಮಾರಿ ಸಿಕ್ತು."

"ಯಾರದು?"

ಅವಳು ತಿದಿ ಒತ್ತುತ್ತಾಳೆ. ಒತ್ತುತ್ತಲೇ ಇರುತ್ತಾಳೆ. ಕೆಂಡ ಬೆಳ್ಳಗಾಗುತ್ತದೆ. ಆಮೇಲೆ ಕಾದ ಪಾತ್ರೆಯನ್ನು ಎತ್ತಿ ಬಾನಿಯಲ್ಲಿ ಅದ್ದುತ್ತಾಳೆ. ಚುರ್ರ್ ಎನ್ನುತ್ತದೆ.

"ಹೆದರಿಕಿ ಆತೇನಜ್ಜಾ?"

"ಇಲ್ಲವ್ವ" ಎನ್ನುತ್ತೇನೆ. ಬೆನ್ನ ಹಿಂದೆ ಬಾವಿ ತುಳುಕಿ, ಕಟ್ಟೆ ದಾಟಿ, ನಾನು ಕೂತ ಜಾಗಕ್ಕೆ ಹರಿದು ಬರುತ್ತದೆ.